ಕರೆಂಟು ಹೋದರೂ ಮರೆಯದ ಯಂತ್ರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಹಬ್ಬವೆಂದರೆ ನೆನಪಿನ ಹಬ್ಬ. ಬೆಳಗಿನಿಂದ ಮಾತಾಡಿದವರೆಲ್ಲ ನೆನಪುಗಳನ್ನೇ ಹಂಚಿಕೊಂಡರು. ನಾನೂ ನೆನಪಿನ ಬಗ್ಗೆಯೇ ಮಾತಾಡುತ್ತೇನೆ. ಆದರೆ ಮನುಷ್ಯರ ನೆನಪಲ್ಲ, ಯಂತ್ರದ ನೆನಪು. ಮೋಟರುಗಳನ್ನು ನಡೆಸುವ ಪ್ಯಾನೆಲ್‌ಗಳಿಗೆ ಸರ್ಕಿಟ್ ಮಾಡುವುದು ನನ್ನ ಕಸುಬು. ಊರಿನವರಿಗೂ ಮಕ್ಕಳಿಗೂ ಉಪಯೋಗಕ್ಕೆ ಬರುವಂಥದ್ದನ್ನು ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ಹಾಗಾಗಿ ನನ್ನ ಕಸುಬಿನಿಂದಲೇ ಒಂದು ಪ್ರಶ್ನೆ ತಂದಿದ್ದೇನೆ.

ಪ್ರಶ್ನೆ ಇಷ್ಟೇ. ಒಂದು ಯಂತ್ರ ಓಡುತ್ತಿದೆ. ಕರೆಂಟು ಹೋಯಿತು. ಅರ್ಧ ಗಂಟೆ ಬಿಟ್ಟು ಬಂತು. ತಾನು ಓಡುತ್ತಿದ್ದೆ ಎಂಬುದು ಆ ಯಂತ್ರಕ್ಕೆ ನೆನಪಿರಬೇಕೆ? ಇರಬೇಕಾದರೆ ಆ ನೆನಪನ್ನು ಎಲ್ಲಿ ಇಡುವುದು, ಹೇಗೆ ಇಡುವುದು?

ಇದು ಪುಸ್ತಕದ ಪ್ರಶ್ನೆಯಲ್ಲ. ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬ ದೊಡ್ಡಪ್ಪನೋ ಮಾವನೋ ಕೇಳುವುದು ಇದನ್ನೇ: “ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಡ್ತಾರೆ ಕಣಪ್ಪ. ಮಧ್ಯ ಹೋಗಿ ಹೋಗಿ ಬರ್ತದೆ. ಕತ್ತಲಲ್ಲಿ ಹಾವು ಹುಳ ತುಳ್ಕೊಂಡು ಎಷ್ಟು ಸಲ ಹೋಗೋದು? ತಾನೇ ಆನ್ ಆಗೋ ಹಂಗೆ ಏನಾದ್ರೂ ಮಾಡ್ಕೊಡು.” ಕೇಳುವವರ ಕಷ್ಟ ನಿಜವಾದದ್ದು. ಆದರೆ ಉತ್ತರ ಕೊಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಈಗಿರುವ ಸ್ಟಾರ್ಟರ್ ಯಾಕೆ ತಾನಾಗಿ ಆನ್ ಆಗುವುದಿಲ್ಲ?

ಪಂಪ್‌ಸೆಟ್ ಮನೆಯ ಗೋಡೆಯ ಮೇಲಿರುವ ಆ ಡಬ್ಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಗುಂಡಿ ಒತ್ತಿ ಬೆರಳು ತೆಗೆಯುತ್ತೀರಿ. ಬೆರಳು ತೆಗೆದರೂ ಮೋಟರ್ ಓಡುತ್ತಲೇ ಇರುತ್ತದೆ. ಅಂದರೆ ನಿಮ್ಮ ಬೆರಳಿನ ಒತ್ತು ಆ ಡಬ್ಬಕ್ಕೆ ನೆನಪಿದೆ ಎಂದಾಯಿತು. ಆ ನೆನಪು ಎಲ್ಲಿದೆ?

ಒಳಗೆ ಒಂದು ತಂತಿಯ ಸುರುಳಿ ಇದೆ. ನಾವು ಅದನ್ನು ಕಾಯಿಲ್ ಎನ್ನುತ್ತೇವೆ. ಹಸಿರು ಗುಂಡಿ ಒತ್ತಿದಾಗ ಕಾಯಿಲ್‌ಗೆ ಕರೆಂಟು ಹೋಗಿ ಅದು ಅಯಸ್ಕಾಂತವಾಗುತ್ತದೆ, ಎದುರಿನ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ. ಹತ್ತನೆಯ ತರಗತಿಯ ಮಕ್ಕಳು ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಎಂಬ ಪಾಠದಲ್ಲಿ ಓದುವುದು ಇದನ್ನೇ. ಆ ಕಬ್ಬಿಣದ ತುಂಡಿನ ಜೊತೆ ಮೂರು ದಪ್ಪ ಸಂಪರ್ಕಗಳು ಕೂಡಿಕೊಂಡು ಮೂರು ಫೇಸೂ ಮೋಟರಿಗೆ ಹೋಗುತ್ತವೆ. ಜೊತೆಗೆ ನಾಲ್ಕನೆಯದೊಂದು ಸಣ್ಣ ಸಂಪರ್ಕವೂ ಕೂಡುತ್ತದೆ. ಅದು ಹಸಿರು ಗುಂಡಿಯ ಪಕ್ಕದಲ್ಲೇ ಸಮಾಂತರವಾಗಿ ಇರುತ್ತದೆ. ಈಗ ಬೆರಳು ತೆಗೆದರೂ ಆ ಸಣ್ಣ ಸಂಪರ್ಕದ ಮೂಲಕ ಕಾಯಿಲ್‌ಗೆ ಕರೆಂಟು ಸಿಗುತ್ತಿರುತ್ತದೆ. ತನ್ನ ಕೈಯನ್ನು ತಾನೇ ಹಿಡಿದುಕೊಂಡು ನಿಂತ ಹಾಗೆ. ಕೆಂಪು ಗುಂಡಿ ಒತ್ತಿದರೆ ಆ ದಾರಿ ಕಡಿದು ಕಾಯಿಲ್ ಕೈ ಬಿಡುತ್ತದೆ.

ಇದೂ ಒಂದು ನೆನಪೇ. ಆದರೆ ಕರೆಂಟು ಇರುವವರೆಗೆ ಮಾತ್ರ. ಲೈನಿನಲ್ಲಿ ಕರೆಂಟು ಹೋದರೆ ಕಾಯಿಲ್ ಕೈ ಬಿಡುತ್ತದೆ, ಸಂಪರ್ಕ ಬಿಚ್ಚಿಕೊಳ್ಳುತ್ತದೆ, ಕರೆಂಟು ಮತ್ತೆ ಬಂದರೂ ಮೋಟರ್ ಸುಮ್ಮನಿರುತ್ತದೆ. ಇದು ಸ್ಟಾರ್ಟರಿನ ದೋಷವಲ್ಲ, ಬೇಕೆಂದೇ ಮಾಡಿದ ಮರೆವು. ಮೆಕ್ಯಾನಿಕ್‌ಗಳು ಆ ಕಾಯಿಲನ್ನು ನೋ ವೋಲ್ಟ್ ಕಾಯಿಲ್ ಎಂದು ಕರೆಯುವುದು ಇದೇ ಕಾರಣಕ್ಕೆ. ಕರೆಂಟು ಇಲ್ಲದ ಆ ಅರ್ಧ ಗಂಟೆಯಲ್ಲಿ ಯಾರೋ ಬೆಲ್ಟ್ ಸರಿ ಮಾಡುತ್ತಿರಬಹುದು, ಕೇಬಲ್ ಜಾಯಿಂಟ್ ಬಿಚ್ಚಿರಬಹುದು, ಮೇವು ಕತ್ತರಿಸುವ ಯಂತ್ರದ ಬಾಯಲ್ಲಿ ಸಿಕ್ಕಿದ ಜೋಳದ ದಂಟನ್ನು ಎಳೆಯುತ್ತಿರಬಹುದು. ಯಂತ್ರಕ್ಕೆ ಹಳೆಯದು ನೆನಪಿದ್ದರೆ ಆ ಕೈ ಉಳಿಯುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆ ಅಡುಗೆಮನೆಯಲ್ಲಿದೆ. ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ಕರೆಂಟು ಹೋಗುತ್ತದೆ. ಮಿಕ್ಸಿಯ ತಿರುಗಣೆ ಒಂದರಲ್ಲೋ ಎರಡರಲ್ಲೋ ಹಾಗೇ ನಿಂತಿರುತ್ತದೆ. ಆ ತಿರುಗಣೆಯೂ ಒಂದು ನೆನಪು. ಅದಕ್ಕೆ ಕರೆಂಟು ಬೇಕಿಲ್ಲ, ನೀವು ತಿರುಗಿಸಿಟ್ಟ ಜಾಗದಲ್ಲಿ ಅದು ಕೂತಿರುತ್ತದೆ. ಮರೆತು ಜಾರಿನ ಮುಚ್ಚಳ ತೆಗೆದು ಚಮಚ ಹಾಕಿದಾಗ ಕರೆಂಟು ಬಂದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ತಾಯಂದಿರೆ, ಕರೆಂಟು ಹೋದ ಕೂಡಲೇ ಮೊದಲು ಮಿಕ್ಸಿಯ ತಿರುಗಣೆಯನ್ನು ಸೊನ್ನೆಗೆ ತನ್ನಿ. ಈ ಭಾಷಣದಲ್ಲಿ ಬೇರೆ ಏನೂ ನೆನಪಿರದಿದ್ದರೂ ಇದೊಂದು ಇರಲಿ.

ಹಾಗಾದರೆ ಕರೆಂಟು ಹೋದರೂ ಉಳಿಯುವ ನೆನಪು ಯಾವುದಕ್ಕೂ ಬೇಡವೆ? ಬೇಕು, ಖಂಡಿತ ಬೇಕು. ಚುನಾವಣೆಗೆ ಇದೇ ಶಾಲೆಯ ಕೊಠಡಿಗೆ ಮತಯಂತ್ರ ಬರುತ್ತದೆ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಈ ಎರಡು ಸರ್ಕಾರಿ ಕಾರ್ಖಾನೆಗಳು ಅದನ್ನು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದರು. ಅದು ಬ್ಯಾಟರಿಯಲ್ಲಿ ನಡೆಯುತ್ತದೆ. ಬ್ಯಾಟರಿ ಮುಗಿದರೂ, ತೆಗೆದಿಟ್ಟರೂ ಅದರೊಳಗೆ ದಾಖಲಾದ ಮತಗಳು ಹೋಗುವುದಿಲ್ಲ. ಹೋಗುವಂತಿದ್ದರೆ ಆ ಯಂತ್ರವನ್ನು ಯಾರು ನಂಬುತ್ತಿದ್ದರು? ಮನೆಯ ಕರೆಂಟು ಮೀಟರೂ ಹಾಗೆಯೇ. ಹಳೆಯ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗಿ ಅಂಕಿಯ ಗಾಲಿಗಳನ್ನು ಉರುಳಿಸುತ್ತಿತ್ತು. ಗಾಲಿ ನಿಂತ ಜಾಗವೇ ಅದರ ನೆನಪು. ಈಗಿನ ಮೀಟರಿನಲ್ಲಿ ಗಾಲಿ ಇಲ್ಲ, ಒಂದು ಚಿಪ್ ಇದೆ. ಆದರೂ ಲೈನ್ ಹೋಗಿ ಬಂದರೆ ಯೂನಿಟ್ ಲೆಕ್ಕ ಸೊನ್ನೆಯಾಗುವುದಿಲ್ಲ.

ಒಂದು ಕಡೆ ಮರೆಯಲೇಬೇಕಾದ ಯಂತ್ರ, ಇನ್ನೊಂದು ಕಡೆ ಮರೆಯಲೇಬಾರದ ಯಂತ್ರ. ಸರ್ಕಿಟ್ ಬರೆಯುವವನ ಮೊದಲ ಕೆಲಸ ಬೆಸುಗೆ ಹಾಕುವುದಲ್ಲ. ತನ್ನ ಯಂತ್ರ ಈ ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವುದು.

ಈಗ ನೆನಪನ್ನು ಇಡುವುದು ಹೇಗೆಂದು ನೋಡೋಣ. ಮಕ್ಕಳೆ, ಇದು ನಿಮಗಾಗಿ.

ಎಲೆಕ್ಟ್ರಾನಿಕ್ಸ್‌ನಲ್ಲಿ ನೆನಪಿನ ಮೊದಲ ಸರ್ಕಿಟ್ ಎಂದು ಹೇಳುವುದು ಎಕಲ್ಸ್ ಮತ್ತು ಜೋರ್ಡನ್ ಎಂಬ ಇಬ್ಬರು ಇಂಗ್ಲೆಂಡಿನವರು 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದನ್ನು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಎರಡು ವಾಲ್ವ್‌ಗಳು. ಒಂದು ಉರಿದರೆ ಇನ್ನೊಂದನ್ನು ಆರಿಸುತ್ತದೆ. ಆರಿದ್ದು ಉರಿಯುವುದನ್ನು ಉರಿಯಲು ಬಿಡುತ್ತದೆ. ಏತದ ಎರಡು ತುದಿಯ ಹಾಗೆ: ಒಂದು ಮೇಲೆ, ಒಂದು ಕೆಳಗೆ, ನೀವು ತಳ್ಳುವವರೆಗೆ ಹಾಗೇ ಇರುತ್ತದೆ. ಇದನ್ನೇ ಫ್ಲಿಪ್‌ಫ್ಲಾಪ್ ಎನ್ನುತ್ತಾರೆ. ಇಂದಿನ ಪ್ರತಿ ಕಂಪ್ಯೂಟರಿನಲ್ಲೂ ಇದರ ಮರಿಮಕ್ಕಳು ಲೆಕ್ಕವಿಲ್ಲದಷ್ಟಿವೆ. ಆದರೆ ಇದೂ ಸ್ಟಾರ್ಟರಿನ ಜಾತಿಗೇ ಸೇರಿದ್ದು. ಕರೆಂಟು ಹೋದರೆ ಎರಡೂ ವಾಲ್ವ್ ಆರುತ್ತವೆ, ಯಾವುದು ಉರಿಯುತ್ತಿತ್ತು ಎಂಬುದರ ಗುರುತೇ ಉಳಿಯುವುದಿಲ್ಲ.

ಗುರುತು ಉಳಿಯಬೇಕಾದರೆ ಕರೆಂಟಿಲ್ಲದೆ ತಾನಾಗಿ ನಿಲ್ಲುವ ವಸ್ತು ಬೇಕು. ಇದಕ್ಕೆ ದೊಡ್ಡ ದಾರಿಗಳು ಎರಡು. ಒಂದು ಅಯಸ್ಕಾಂತ, ಇನ್ನೊಂದು ಸಿಕ್ಕಿಹಾಕಿಕೊಂಡ ವಿದ್ಯುದಾವೇಶ.

ಮೊದಲು ಅಯಸ್ಕಾಂತ. 1950ರ ದಶಕದಲ್ಲಿ ಕಂಪ್ಯೂಟರುಗಳ ನೆನಪು ಫೆರೈಟಿನ ಪುಟ್ಟ ಉಂಗುರಗಳಲ್ಲಿ ಇರುತ್ತಿತ್ತು. ಸಣ್ಣ ಮಣಿಗಳನ್ನು ತಂತಿಯಲ್ಲಿ ಪೋಣಿಸಿ ಚಾಪೆ ಹೆಣೆದ ಹಾಗೆ ಕಾಣುತ್ತಿತ್ತು. ಒಂದು ಉಂಗುರದ ಕಾಂತತ್ವ ಬಲಕ್ಕೆ ತಿರುಗಿದ್ದರೆ ಒಂದು, ಎಡಕ್ಕೆ ತಿರುಗಿದ್ದರೆ ಸೊನ್ನೆ. ಕರೆಂಟು ತೆಗೆದರೂ ಕಾಂತತ್ವ ಹೋಗದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳತ್ವದಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ಕೆಲಸಕ್ಕೆ ಇಳಿಸಿದ ಟಿಫ್ರ್ಯಾಕ್ ಕಂಪ್ಯೂಟರಿನಲ್ಲೂ ಇಂಥ ಉಂಗುರಗಳೇ ಇದ್ದವು.

ಅದೇ ತತ್ವವನ್ನು ನೀವು ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ಮಾಡಿ ನೋಡಬಹುದು. ಲ್ಯಾಚಿಂಗ್ ರಿಲೇ ಎಂಬ ಸಾಮಾನು ಸಿಗುತ್ತದೆ. ಸಾಮಾನ್ಯ ರಿಲೇಯಲ್ಲಿ ಒಂದು ಕಾಯಿಲ್ ಇರುತ್ತದೆ. ಕರೆಂಟು ಇದ್ದಷ್ಟು ಹೊತ್ತು ಎಳೆದುಕೊಂಡಿರುತ್ತದೆ, ಹೋದರೆ ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ಎರಡು ಕಾಯಿಲಿನ ಲ್ಯಾಚಿಂಗ್ ರಿಲೇಯ ಒಳಗೆ ಒಂದು ಪುಟ್ಟ ಶಾಶ್ವತ ಅಯಸ್ಕಾಂತವೂ ಇರುತ್ತದೆ. ಒಂದು ಕಾಯಿಲ್‌ಗೆ ಕ್ಷಣಕಾಲ ಕರೆಂಟು ಕೊಟ್ಟರೆ ಸಂಪರ್ಕ ಆಚೆಗೆ ಹೋಗಿ ಕೂರುತ್ತದೆ. ಇನ್ನೊಂದಕ್ಕೆ ಕೊಟ್ಟರೆ ಈಚೆಗೆ ಬಂದು ಕೂರುತ್ತದೆ. ಕೂತ ಮೇಲೆ ಅದನ್ನು ಅಲ್ಲೇ ಹಿಡಿದಿಡುವುದು ಅಯಸ್ಕಾಂತ. ಆಮೇಲೆ ಕರೆಂಟಿನ ಹಂಗಿಲ್ಲ.

ಸರ್ಕಿಟ್ ಹೀಗೆ. ಒಂದು 12 ವೋಲ್ಟ್ ಬ್ಯಾಟರಿ. ಎರಡು ಒತ್ತುಗುಂಡಿ, ಒಂದು ಒಂದು ಕಾಯಿಲ್‌ಗೆ, ಇನ್ನೊಂದು ಇನ್ನೊಂದಕ್ಕೆ. ಪ್ರತಿ ಕಾಯಿಲ್‌ಗೂ ಅಡ್ಡಲಾಗಿ ಒಂದು ಡಯೋಡ್, ಅದರ ಪಟ್ಟಿ ಇರುವ ತುದಿ ಬ್ಯಾಟರಿಯ ಧನ ಕಡೆಗೆ. ಗುಂಡಿ ಬಿಟ್ಟಾಗ ಕಾಯಿಲ್ ಹಿಂದಕ್ಕೆ ಒದೆಯುವ ಹೆಚ್ಚಿನ ವೋಲ್ಟೇಜನ್ನು ಅದು ನುಂಗಿಕೊಳ್ಳುತ್ತದೆ. ರಿಲೇಯ ಸಂಪರ್ಕದ ಮೂಲಕ ಒಂದು 12 ವೋಲ್ಟಿನ ಸಣ್ಣ ಎಲ್‌ಇಡಿ ದೀಪ. ಇಷ್ಟೇ. ಮನೆಯ 230 ವೋಲ್ಟ್ ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂಬೇಡಿ.

ಇದರ ಪಕ್ಕದಲ್ಲೇ ಸಾಮಾನ್ಯ ರಿಲೇಯಿಂದ ಇನ್ನೊಂದು ಸರ್ಕಿಟ್ ಕಟ್ಟಿ. ಆಗ ಹೇಳಿದೆನಲ್ಲ, ಸ್ಟಾರ್ಟರಿನ ಹಾಗೆ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವಂಥದ್ದು. ಎರಡಕ್ಕೂ ಒಂದೇ ಬ್ಯಾಟರಿ ಕೊಡಿ. ಎರಡರ ಗುಂಡಿಯನ್ನೂ ಒತ್ತಿ, ಎರಡು ದೀಪವೂ ಉರಿಯಲಿ. ಈಗ ಬ್ಯಾಟರಿಯ ತಂತಿ ಬಿಚ್ಚಿ. ಎರಡೂ ಆರುತ್ತವೆ. ಮತ್ತೆ ಸಿಕ್ಕಿಸಿ. ಒಂದು ದೀಪ ತಾನಾಗಿ ಉರಿಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಲ್ಯಾಚಿಂಗ್ ರಿಲೇಯನ್ನು ಬಿಚ್ಚಿ ಒಂದು ವಾರ ಪೆಟ್ಟಿಗೆಯಲ್ಲಿಟ್ಟು ಮತ್ತೆ ಸಿಕ್ಕಿಸಿದರೂ ಅದು ಮರೆತಿರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಜೋರಾಗಿ ಬಿದ್ದರೆ ಒಳಗಿನ ಸಂಪರ್ಕ ಆಚೀಚೆ ಹಾರಬಹುದು. ಅದಕ್ಕೇ ಹೊಸದಾಗಿ ಜೋಡಿಸಿದಾಗ ಮೊದಲು ‘ಆರಿಸು’ ಗುಂಡಿ ಒತ್ತಿ ಅದನ್ನು ಗೊತ್ತಿರುವ ಸ್ಥಿತಿಗೆ ತರಬೇಕು.

ಇನ್ನು ಎರಡನೆಯ ದಾರಿ. ನಮ್ಮ ಕಡೆ ಹಿಂದೆ ರಾಗಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಚಿಪ್ಪಿನೊಳಗೂ ಅಂಥದೇ ಹಗೇವು ಇದೆ. ಸುತ್ತ ವಿದ್ಯುತ್ ಹರಿಯದ ಗೋಡೆ, ಮಧ್ಯೆ ಒಂದು ಪುಟ್ಟ ಕೋಣೆ. ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಒಳಕ್ಕೆ ನೂಕಿದರೆ ಅವು ಅಲ್ಲೇ ಸಿಕ್ಕಿಕೊಳ್ಳುತ್ತವೆ. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾಂಗ್ ಮತ್ತು ಸ್ಝೆ ಎಂಬ ವಿಜ್ಞಾನಿಗಳು ಈ ಉಪಾಯವನ್ನು ತೋರಿಸಿದರು. ಇಂದಿನ ಪೆನ್‌ಡ್ರೈವ್, ಮೊಬೈಲಿನ ಫೋಟೊ ಎಲ್ಲ ಇದರ ಮೇಲೆಯೇ ನಿಂತಿವೆ. ಸಣ್ಣ ಸರ್ಕಿಟ್‌ಗಳಿಗೆ ಬಳಸುವ ಇಂಥ ನೆನಪಿಗೆ ಈಈಪ್ರಾಮ್ ಎಂದು ಹೆಸರು. ನೀವು ವಿಜ್ಞಾನ ಮೇಳದಲ್ಲಿ ನೋಡಿರುವ ಆರ್ಡುಯಿನೊ ಊನೊ ಬೋರ್ಡಿನ ಚಿಪ್ಪಿನಲ್ಲಿ ಇದು 1024 ಬೈಟ್ ಇದೆ. ದೀಪ ಉರಿಯುತ್ತಿತ್ತೇ ಇಲ್ಲವೇ ಎಂದು ಬರೆದಿಡಲು ಒಂದು ಬೈಟು ಸಾಕು.

ಇಲ್ಲಿ ಮೂರು ಸೂಕ್ಷ್ಮಗಳಿವೆ. ಇವನ್ನು ತಿಳಿಯದೆ ಮಾಡಿದ ಸರ್ಕಿಟ್ ಮೇಜಿನ ಮೇಲೆ ಚೆನ್ನಾಗಿ ನಡೆಯುತ್ತದೆ, ಹೊಲದಲ್ಲಿ ಕೈ ಕೊಡುತ್ತದೆ.

ಮೊದಲನೆಯದು ಸವಕಳಿ. ಹಗೇವಿನ ಬಾಯನ್ನು ಮತ್ತೆ ಮತ್ತೆ ತೆಗೆದು ಮುಚ್ಚಿದರೆ ಮಣ್ಣು ಸಡಿಲವಾಗುವ ಹಾಗೆ ಪ್ರತಿ ಬರಹಕ್ಕೂ ಆ ಗೋಡೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಈ ಚಿಪ್ಪಿನ ಒಂದೊಂದು ಜಾಗಕ್ಕೆ ತಯಾರಕರು ಕೊಡುವ ಭರವಸೆ 1,00,000 ಬರಹ. ದೊಡ್ಡ ಸಂಖ್ಯೆ ಎನ್ನಿಸುತ್ತದೆ. ಆದರೆ ಸೆಕೆಂಡಿಗೊಮ್ಮೆ ಬರೆದರೆ? ದಿನಕ್ಕೆ 86,400 ಸೆಕೆಂಡು. ಇಪ್ಪತ್ತೆಂಟು ಗಂಟೆಯೊಳಗೆ ಆ ಭರವಸೆ ಮುಗಿಯುತ್ತದೆ. ಅದೇ ಸ್ಥಿತಿ ಬದಲಾದಾಗ ಮಾತ್ರ, ದಿನಕ್ಕೆ ಹತ್ತು ಸಲ ಬರೆದರೆ 10,000 ದಿನ, ಅಂದರೆ ಇಪ್ಪತ್ತೇಳು ವರ್ಷ. ಚಿಪ್ ಅದೇ, ಬುದ್ಧಿ ಬೇರೆ. ಹೊಸ ವಿಷಯ ಇದ್ದಾಗ ಮಾತ್ರ ಬರೆಯಬೇಕು.

ಎರಡನೆಯದು ಬರೆಯುತ್ತಿರುವಾಗಲೇ ಕರೆಂಟು ಹೋಗುವುದು. ಒಂದು ಬೈಟು ಬರೆಯಲು ಸುಮಾರು 3.3 ಮಿಲಿಸೆಕೆಂಡು ಬೇಕು. ಅದರ ಮಧ್ಯೆ ವೋಲ್ಟೇಜ್ ಬಿದ್ದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದು ಅಪರೂಪ ಎಂದುಕೊಳ್ಳಬೇಡಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಲೈನಿನ ವೋಲ್ಟೇಜ್ ಕುಸಿಯುತ್ತದೆ. ‘ಮೋಟರ್ ಆನ್ ಆಯಿತು’ ಎಂದು ನಾವು ಬರೆಯಲು ಹೋಗುವುದೂ ಸರಿಯಾಗಿ ಅದೇ ಕ್ಷಣದಲ್ಲಿ. ಆದ್ದರಿಂದ ಬರಹ ಮುಗಿಸಿ ಆಮೇಲೆ ಮೋಟರ್ ಎತ್ತಬೇಕು.

ಜೊತೆಗೆ ಚಿಪ್ಪಿನ ಪಕ್ಕ ಒಂದು ಕೆಪಾಸಿಟರ್ ಇಡಬೇಕು. ಅದು ಊರಿನ ಓವರ್‌ಹೆಡ್ ಟ್ಯಾಂಕಿನ ಹಾಗೆ, ಪೈಪಿನಲ್ಲಿ ನೀರು ನಿಂತರೂ ಸ್ವಲ್ಪ ಹೊತ್ತು ನಡೆಸುತ್ತದೆ. ಲೆಕ್ಕ ಸುಲಭ: ಕರೆಂಟನ್ನು ಸಮಯದಿಂದ ಗುಣಿಸಿ, ವೋಲ್ಟೇಜ್ ಎಷ್ಟು ಇಳಿಯಬಹುದೋ ಅದರಿಂದ ಭಾಗಿಸಿ. ಚಿಪ್ಪು 10 ಮಿಲಿಯಾಂಪಿಯರ್ ಕುಡಿಯುತ್ತದೆ, ನಮಗೆ 20 ಮಿಲಿಸೆಕೆಂಡು ಬೇಕು, 5 ವೋಲ್ಟಿನಿಂದ 3 ವೋಲ್ಟಿಗೆ ಇಳಿಯಬಹುದು ಎಂದುಕೊಳ್ಳಿ. ಉತ್ತರ 100 ಮೈಕ್ರೋಫ್ಯಾರಡ್. 220 ಹಾಕಿದರೆ ನಿಶ್ಚಿಂತೆ. ಆದರೆ ಅದೇ ಕೆಪಾಸಿಟರಿನಿಂದ 70 ಮಿಲಿಯಾಂಪಿಯರಿನ ರಿಲೇ ಕಾಯಿಲೂ ಕುಡಿದರೆ 100 ಮೈಕ್ರೋಫ್ಯಾರಡ್ ಎರಡೂವರೆ ಮಿಲಿಸೆಕೆಂಡಿಗೆ ಖಾಲಿ. ಬರಹ ಅರ್ಧದಲ್ಲಿ ನಿಲ್ಲುತ್ತದೆ. ಹಾಗಾಗಿ ಮಧ್ಯೆ ಒಂದು ಡಯೋಡ್ ಇಟ್ಟು ಆ ನೀರು ಚಿಪ್ಪಿಗೆ ಮಾತ್ರ ಮೀಸಲು ಎಂದು ಮಾಡಬೇಕು.

ಮೂರನೆಯದನ್ನು ನಮ್ಮ ಹಾಲಿನ ಸಂಘದ ಪುಸ್ತಕದಿಂದ ಕಲಿಯಬಹುದು. ಒಳ್ಳೆಯ ಕಾರ್ಯದರ್ಶಿ ಹಳೆಯ ಸಾಲನ್ನು ಅಳಿಸಿ ಅದರ ಮೇಲೆ ಹೊಸದು ಬರೆಯುವುದಿಲ್ಲ. ಕೆಳಗೆ ಹೊಸ ಸಾಲು ಬರೆದು, ಕೂಡಿಸಿ ತಾಳೆ ನೋಡಿ, ಆಮೇಲೆ ಸಹಿ ಹಾಕುತ್ತಾರೆ. ಸಹಿ ಇಲ್ಲದ ಸಾಲು ಲೆಕ್ಕಕ್ಕಿಲ್ಲ. ಸರ್ಕಿಟ್ಟಿನಲ್ಲೂ ಎರಡು ಜಾಗ ಇಟ್ಟುಕೊಂಡು ಒಂದಾದ ಮೇಲೊಂದರಲ್ಲಿ ಬರೆಯಬೇಕು. ಜೊತೆಗೆ ಒಂದು ಕ್ರಮಸಂಖ್ಯೆ, ಕೊನೆಗೆ ತಾಳೆಯ ಅಂಕಿ. ಕರೆಂಟು ಬಂದಾಗ ಎರಡನ್ನೂ ಓದಿ, ತಾಳೆಯಾಗುವುದರಲ್ಲಿ ಇತ್ತೀಚಿನದನ್ನು ನಂಬಬೇಕು. ಎರಡೂ ತಾಳೆಯಾಗದಿದ್ದರೆ ಊಹೆ ಮಾಡಬಾರದು, ಆರಿದ ಸ್ಥಿತಿಯಲ್ಲೇ ಇರಬೇಕು. ಅನುಮಾನ ಬಂದಾಗ ಯಂತ್ರ ನಿಲ್ಲಬೇಕು, ಓಡಬಾರದು.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ನೆನಪಿಡುವುದು ಕಷ್ಟವಲ್ಲ ಎಂದು ಗೊತ್ತಾಯಿತು. ಒಂದು ರಿಲೇ ಸಾಕು, ಒಂದು ಬೈಟು ಸಾಕು. ಆದರೆ ಮೋಟರಿಗೆ ಆ ನೆನಪು ಕೊಡಬಹುದೆ?

ನನ್ನ ಉತ್ತರ ಇದು. ಯಾವುದೇ ಯಂತ್ರದ ಸಂಗತಿಗಳನ್ನು ಮೂರು ರಾಶಿ ಮಾಡಿ. ಒಂದು, ನೆನಪಿಡಬೇಕಾದದ್ದು: ಎಷ್ಟು ಗಂಟೆ ಓಡಿತು, ಯಾವ ಗೇಟ್‌ವಾಲ್ವಿನ ಸರದಿ, ನೀವು ಗೊತ್ತು ಮಾಡಿಟ್ಟ ಸಮಯ. ಇವು ಲೆಕ್ಕಗಳು, ಇವು ಯಾರ ಕೈಯನ್ನೂ ಕತ್ತರಿಸುವುದಿಲ್ಲ. ಎರಡು, ಹೊಸದಾಗಿ ನೋಡಬೇಕಾದದ್ದು: ತೊಟ್ಟಿಯಲ್ಲಿ ನೀರಿದೆಯೇ, ಬೋರ್‌ವೆಲ್ಲಿನಲ್ಲಿ ನೀರಿದೆಯೇ, ಮೂರು ಫೇಸೂ ಸರಿಯಾಗಿ ಬಂದಿವೆಯೇ. ಇವನ್ನು ನೆನಪಿಡುವುದೇ ತಪ್ಪು. ಕರೆಂಟು ಹೋದ ಅರ್ಧ ಗಂಟೆಯಲ್ಲಿ ಪ್ರಪಂಚ ನಿಂತಿರುವುದಿಲ್ಲ. ನೀರಿನ ಮಟ್ಟವನ್ನು ನೀರನ್ನೇ ಕೇಳಬೇಕು, ಹಳೆಯ ಪುಸ್ತಕವನ್ನಲ್ಲ. ಮೂರು, ಮರೆಯಬೇಕಾದದ್ದು: ಮನುಷ್ಯರು ಮುಟ್ಟುವ ಯಂತ್ರದಲ್ಲಿ ‘ಓಡು’ ಎಂಬ ಅಪ್ಪಣೆ. ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಅಡಿಕೆ ಸುಲಿಯುವ ಯಂತ್ರ, ಮರ ಕೊಯ್ಯುವ ಗರಗಸ, ಇವಕ್ಕೆ ಆ ಅಪ್ಪಣೆ ಕರೆಂಟಿನ ಜೊತೆಗೇ ಸಾಯಬೇಕು. ಮತ್ತೆ ಓಡಿಸಬೇಕಾದರೆ ಒಬ್ಬ ಮನುಷ್ಯ ಎದುರಿಗೆ ನಿಂತು ಗುಂಡಿ ಒತ್ತಬೇಕು. ಇದು ನನ್ನೊಬ್ಬನ ಮಾತಲ್ಲ. ಯಂತ್ರಗಳ ವಿದ್ಯುತ್ ಸುರಕ್ಷತೆಗೆ ಐಇಸಿ 60204-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅಪಾಯ ಇರುವ ಕಡೆ ಕರೆಂಟು ಬಂದ ಮಾತ್ರಕ್ಕೆ ಯಂತ್ರ ತಾನಾಗಿ ಶುರುವಾಗದಂತೆ ತಡೆಯಬೇಕು ಎಂದು ಅದೂ ಹೇಳುತ್ತದೆ.

ಹೊಲದ ನಡುವಿನ ಬೋರ್‌ವೆಲ್ಲಿನ ಮಾತು ಸ್ವಲ್ಪ ಬೇರೆ. ಪಂಪು ನೂರಾರು ಅಡಿ ಕೆಳಗಿದೆ, ಮೇಲೆ ತಿರುಗುವ ಭಾಗ ಇಲ್ಲ. ಅಲ್ಲಿ ಆಟೋ ಸ್ಟಾರ್ಟರ್ ಹಾಕಿಸಿಕೊಳ್ಳುವುದನ್ನು ನಾನು ಬೇಡ ಎನ್ನಲಾರೆ. ಕತ್ತಲಲ್ಲಿ ಹಾವು ತುಳಿಯುವುದೂ ಅಪಾಯವೇ. ಆದರೆ ನಾಲ್ಕು ಮಾತು ನಡೆಸಿಕೊಡಿ.

ಒಂದು, ಹಸಿರು ಗುಂಡಿಗೆ ಕಡ್ಡಿ ಸಿಕ್ಕಿಸಿ ಕಟ್ಟಿಹಾಕಬೇಡಿ. ಒಂದೇ ಫೇಸ್ ಬಂದರೂ, ವೋಲ್ಟೇಜ್ ಕಡಿಮೆಯಿದ್ದರೂ ಅದು ಮೋಟರನ್ನು ಎತ್ತಲು ನೋಡುತ್ತದೆ. ಮೂರು ಫೇಸ್ ನೋಡಿ ಆಮೇಲೆ ಎತ್ತುವ ಸಾಮಾನೇ ಇರಲಿ. ಎರಡು, ಕರೆಂಟು ಬಂದ ಕೂಡಲೇ ಎತ್ತುವಂತೆ ಇಡಬೇಡಿ. ಒಂದು ಟಿ.ಸಿ.ಗೆ ಸೇರಿದ ಎಲ್ಲರ ಮೋಟರೂ ಒಂದೇ ಕ್ಷಣಕ್ಕೆ ಐದಾರು ಪಟ್ಟು ಕರೆಂಟು ಎಳೆದರೆ ಟಿ.ಸಿ. ತಡೆಯುವುದಿಲ್ಲ. ಟಿ.ಸಿ. ಸುಟ್ಟರೆ ಬೆಳೆ ಒಣಗುವುದು ಎಲ್ಲರದೂ. ಅಕ್ಕಪಕ್ಕದವರು ಕೂತು ಮಾತಾಡಿಕೊಂಡು ನಿಮ್ಮದು ಒಂದು ನಿಮಿಷಕ್ಕೆ, ನಮ್ಮದು ಎರಡು ನಿಮಿಷಕ್ಕೆ ಎಂದು ತಡ ಇಟ್ಟುಕೊಳ್ಳಿ. ಮೂರು, ಮೋಟರ್ ಮನೆಯ ಬಾಗಿಲ ಮೇಲೆ ‘ಈ ಮೋಟರ್ ತಾನಾಗಿ ಶುರುವಾಗುತ್ತದೆ’ ಎಂದು ದೊಡ್ಡದಾಗಿ ಬರೆಸಿ. ಕೂಲಿಗೆ ಬಂದವರಿಗೆ, ಆಡಲು ಹೋದ ಮಕ್ಕಳಿಗೆ ನಿಮ್ಮ ಸರ್ಕಿಟ್ಟಿನ ಗುಣ ಗೊತ್ತಿರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕೇಬಲ್ಲಿಗೆ, ಸ್ಟಾರ್ಟರಿಗೆ ಕೈ ಹಾಕುವ ಮೊದಲು ಕರೆಂಟು ಹೋಗಿದೆ ಎಂದು ನಂಬಬೇಡಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ತಿಳಿದ ಲೈನ್‌ಮನ್‌ಗಳು ಹೀಗೆಯೇ ಮಾಡುತ್ತಾರೆ. ಇವತ್ತು ನಾನು ಹೇಳಿದ ಎಲ್ಲ ನೆನಪುಗಳಿಗಿಂತ ಗಟ್ಟಿಯಾದ ನೆನಪು ಅದು. ಫ್ಯೂಸ್ ನಿಮ್ಮ ಜೇಬಿನಲ್ಲಿರುವವರೆಗೆ ಯಾವ ಚಿಪ್ಪೂ ಯಾವ ರಿಲೇಯೂ ಆ ಮೋಟರನ್ನು ತಿರುಗಿಸಲಾರದು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಆಗ ಹೇಳಿದ ಎರಡು ಸರ್ಕಿಟ್‌ಗಳ ಸಾಮಾನನ್ನು, ಹತ್ತು ಜೊತೆ, ನಮ್ಮ ತಂಡದ ಗೆಳೆಯರು ಸೇರಿ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇವೆ. ವಿಜ್ಞಾನದ ಮೇಷ್ಟ್ರ ಮೇಲ್ವಿಚಾರಣೆಯಲ್ಲಿ ಕಟ್ಟಿ ನೋಡಿ. ಕಟ್ಟಿದ ಮೇಲೆ ಒಂದು ಕೆಲಸ ಮಾಡಿ. ಮನೆಗೆ ಹೋಗಿ ಮನೆಯಲ್ಲಿರುವ ಕರೆಂಟಿನ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿ. ಟಿವಿ, ಫ್ಯಾನು, ಮಿಕ್ಸಿ, ನೀರೆತ್ತುವ ಮೋಟರ್, ಹಾಲು ಕರೆಯುವ ಯಂತ್ರ. ಪ್ರತಿಯೊಂದರ ಎದುರಿಗೂ ಬರೆಯಿರಿ: ಕರೆಂಟು ಹೋಗಿ ಬಂದರೆ ಇದು ಏನು ಮಾಡುತ್ತದೆ? ಅದರ ಪಕ್ಕದಲ್ಲಿ ಇನ್ನೊಂದು: ಏನು ಮಾಡಬೇಕು? ಎರಡೂ ಉತ್ತರ ಒಂದೇ ಆಗದ ಕಡೆ ಮನೆಯ ದೊಡ್ಡವರಿಗೆ ತೋರಿಸಿ. ಆ ಪಟ್ಟಿಯಿಂದ ಒಂದು ಮನೆಯಲ್ಲಿ ಒಂದು ಬೆರಳು ಉಳಿದರೂ ಈ ಶಾಲೆಯಲ್ಲಿ ಕಲಿತದ್ದು ಸಾರ್ಥಕ.

ಹೇಗೆ ಮಾಡುವುದು ಎಂಬುದನ್ನು ಯಾವ ಪುಸ್ತಕವೂ ಕಲಿಸುತ್ತದೆ. ಮಾಡಬೇಕೇ, ಬೇಡವೇ, ಯಾರ ಕೈ ಎಲ್ಲಿರಬಹುದು ಎಂದು ಯೋಚಿಸುವುದನ್ನು ನಮಗೆ ಕಲಿಸಿದವರು ಇಲ್ಲಿ ಮುಂದೆ ಕುಳಿತಿರುವ ಗುರುಗಳು.